ಕಟ್ಟುವ ಜಾಗ

ಮಲ್ಪೆ ದಕ್ಕೆಯ ಹಿಂದೆ, ಐಸ್ ಪ್ಲಾಂಟಿನ ಆಫೀಸಿನಲ್ಲಿ
ನಮ್ಮ ಕಂಪ್ಯೂಟರಿಗೆ ಮೂರು ಡಿಸ್ಕು, ಮೂರೂ ಕಪ್ಪು,
ಒಂದೇ ಅಂಗಡಿಯವು, ಒಂದೇ ದಿನದ ಬಿಲ್ಲು.
ಒಂದರಲ್ಲಿ ಐಸಿನ ಲೆಕ್ಕ, ಒಂದರಲ್ಲಿ ಡೀಸೆಲು.
ಮೂರನೆಯದು ಹಿಲಾರಿ ಮಿನೇಜಸರು ಬಿಟ್ಟು ಹೋದದ್ದು:
ಇಲ್ಲಿ ಐಸು ತುಂಬಿಸಿದ ಪ್ರತಿ ಬೋಟಿನ ಒಂದೊಂದು ಫೋಟೊ.
ಯಾರೂ ಕೇಳುವುದಿಲ್ಲ. ಯಾರೂ ಅಳಿಸುವ ಹಾಗಿಲ್ಲ.

ಕರೆಂಟು ಹೋಗಿ ಬಂದರೆ ಸಾಕು
ಹೆಸರು ಅದಲುಬದಲು.
ನಿನ್ನೆ ಎಸ್‌ಡಿಬಿ ಆಗಿದ್ದ ಐಸು ಇವತ್ತು ಎಸ್‌ಡಿಸಿ,
ಅದರ ಕುರ್ಚಿಯಲ್ಲಿ ಕಾಲು ಚಾಚಿ ಕೂತ ಡೀಸೆಲು.
ಮೊದಲು ಕಣ್ಣಿಗೆ ಬಿದ್ದವನಿಗೆ ಮೊದಲ ಅಕ್ಷರ,
ಯಂತ್ರಕ್ಕೆ ಗೊತ್ತಿರುವ ನ್ಯಾಯ ಅಷ್ಟೇ.

ಮಾರ್ಚ್ ಕೊನೆಯ ವಾರ, ರಾತ್ರಿ ಎರಡಕ್ಕೆ
ಬ್ಯಾಕಪ್ಪು ಹೊರಟಿತು ಐಸಿನ ಜಾಗಕ್ಕೆ.
ಕೇಬಲ್ಲು ಸಡಿಲ, ಐಸು ಅಲ್ಲಿರಲಿಲ್ಲ;
ಹೆಸರು ಹೊತ್ತ ಒಂದು ಖಾಲಿ ಫೋಲ್ಡರು ಮಾತ್ರ.
ಸ್ಕ್ರಿಪ್ಟಿಗೆ ಎಂಥ ಗೊತ್ತು? ಸುರಿಯಿತು,
ಬುಟ್ಟಿ ಇಡುವ ಮೊದಲೇ ನೆಲಕ್ಕೆ ಬೂತಾಯಿ ಸುರಿದ ಹಾಗೆ.
ಬೆಳಗ್ಗೆ ನಾನು ಕೇಬಲ್ಲು ಒತ್ತಿದೆ.
ಐಸು ಬಂದು ಅದೇ ಜಾಗದ ಮೇಲೆ ಕೂತಿತು
ಮತ್ತು ರಾತ್ರಿ ಬರೆದದ್ದು ಅದರ ಅಡಿಗೆ ಹೋಯಿತು.
ಅಳಿದಿಲ್ಲ. ಕಾಣುವುದಿಲ್ಲ.
ಮೂರು ದಿನ ಹುಡುಕಿದೆ,
ಅದರ ಮೇಲೆಯೇ ಕೂತು.

ಬಾಕಿ ಕೊಡಲು ಬಂದ ತಾಂಡೇಲ ದೂಮಣ್ಣ
ಒದ್ದೆ ಕಾಲಿನಲ್ಲಿ ಹೊಸ್ತಿಲ ಹೊರಗೇ ನಿಂತು ಕೇಳಿದ:
'ಎಂಥ ಸುಗಂಧಿ, ಮೋರೆ ಹೀಗೆ?'
ಹೇಳಿದೆ. ಅವನು ನಕ್ಕ.
'ದಕ್ಕೆಯಲ್ಲಿ ನಾಲ್ಕು ಸಾಲು ಬೋಟು,
ಸಿಕ್ಕಿದಲ್ಲಿ ಕಟ್ಟುವುದು.
ನಿನ್ನೆ ಕಟ್ಟಿದ ಕಂಬ ನೋಡಿ ಹತ್ತಿದರೆ
ಬೇರೆಯವರ ಗಂಜಿ ಉಣ್ಣಬೇಕಾದೀತು ಮಾರಾಯ್ತಿ.
ಮೂತಿಯ ನಂಬ್ರ ನೋಡಬೇಕು.'

ಮೂತಿಯ ನಂಬ್ರ ಡಿಸ್ಕಿಗೂ ಉಂಟು.
ಕೇಳಿದರೆ ಯಂತ್ರ ಉಸುರುತ್ತದೆ:
ಮೂವತ್ತೆರಡು ಅಂಕಿ ಅಕ್ಷರ, ನಡುವೆ ನಾಲ್ಕು ಗೆರೆ,
ಯಾರ ನಾಲಿಗೆಯಲ್ಲೂ ನಿಲ್ಲದ್ದು,
ಯಾವ ಬಾಯಿಗೆ ಚುಚ್ಚಿದರೂ ಬದಲಾಗದ್ದು.

ಹಿಲಾರಿಯವರಿಗೆ ಫೋನು ಮಾಡಿದೆ.
ಕಲ್ಯಾಣಪುರದಲ್ಲಿ ಮಗಳ ಬೇಕರಿ, ಗಲ್ಲೆಯಲ್ಲಿ ಅವರು.
ಪಫ್ಸಿನ ಚಿಲ್ಲರೆ ಎಣಿಸುತ್ತಾ ಎಂದರು,
'ಎಫ್‌ಎಸ್‌ಟ್ಯಾಬ್ ತೆರೆ. ಸಾಲಿಗೊಂದು ಡಿಸ್ಕು.
ಮೊದಲು ನಂಬ್ರ, ಆಮೇಲೆ ಜಾಗ, ಆಮೇಲೆ ಜಾತಿ.'
ಜಾತಿ ಕೇಳುವ ಕಾಲಮ್ಮು ಅಲ್ಲಿಯೂ ಉಂಟು!
ಐಸು, ಡೀಸೆಲು ಎಕ್ಸ್‌ಟಿ-ಫೋರ್.
ಫೋಟೊದ್ದು ಎನ್‌ಟಿಎಫ್‌ಎಸ್, ವಿಂಡೋಸಿನ ಮನೆಯದು,
ಆದರೂ ಯಾರೂ ಅದಕ್ಕೆ ಬೇರೆ ಲೋಟ ಇಡಲಿಲ್ಲ.

ಬರೆಯುವ ಮೊದಲು ಐಸನ್ನು ಬಿಚ್ಚಿದೆ.
ಅಡಿಯಲ್ಲಿ ಸಿಕ್ಕಿತು, ಒಂದು ರಾತ್ರಿಯ ಲೆಕ್ಕ,
ತಣ್ಣಗೆ, ಹಾಗೆಯೇ.

'ಕೊನೆಗೆ ನೋಫೇಲ್ ಅಂತ ಹಾಕು,' ಎಂದರು.
ಎಂದರೆ, ಇದು ಬಾರದಿದ್ದರೂ
ನೀನು ಏಳು, ದಿನ ಶುರುಮಾಡು.
ಐಸಿಗೆ ಹಾಕಿದೆ. ಡೀಸೆಲಿಗೆ ಹಾಕಿದೆ.

ನಮ್ಮ ಐಸಿನ ಲೆಕ್ಕದಲ್ಲಿ ಒಂದು ಬೋಟಿನ ಬಾಕಿ
ಆರು ವರ್ಷದಿಂದ ಹಾಗೇ ಉಂಟು,
ನೂರ ಹತ್ತು ಬ್ಲಾಕು.
ಧನಿಗಳು ವಸೂಲಿ ಮಾಡು ಅನ್ನಲಿಲ್ಲ,
ಹೊಡೆದು ಹಾಕು ಅನ್ನಲಿಲ್ಲ.
ಮಾರ್ಚಿನಿಂದ ಮಾರ್ಚಿಗೆ ನಾನು ಆ ಸಾಲನ್ನು
ಹೊಸ ಪುಟಕ್ಕೆ ದಾಟಿಸುತ್ತೇನೆ.
ಅದರ ಫೋಟೊ ಮೂರನೆಯ ಡಿಸ್ಕಿನಲ್ಲಿದೆ;
ನೀಲಿ ಬಣ್ಣ, ಐಸು ತುಂಬಿ
ಮೂತಿ ಸ್ವಲ್ಪ ತಗ್ಗಿದೆ, ನಂಬ್ರ ಓದಬಹುದು.

ಮೂರನೆಯ ಸಾಲಿಗೆ ನಾನು ಆ ಶಬ್ದ ಹಾಕಲಿಲ್ಲ.
ಈಗ ಅದು ಕಾಣದಿದ್ದರೆ ಯಂತ್ರ ಏಳುವುದಿಲ್ಲ.
ಒಂದೂವರೆ ನಿಮಿಷ ಕಾಯುತ್ತದೆ,
ಕಪ್ಪು ಪರದೆಯ ಮೇಲೆ ಒಂದು ಕೆಂಪು ಚುಕ್ಕೆ
ಆಚೆಗೆ ಈಚೆಗೆ, ಆಚೆಗೆ ಈಚೆಗೆ,
ಮತ್ತೆ ಕೈಚೆಲ್ಲಿ ಪಾಸ್‌ವರ್ಡು ಕೇಳುತ್ತದೆ.

ಕೇಳಲಿ.
ಬೆಳಗ್ಗೆ ಆರೂವರೆಗೆ ಬೀಗ ತೆಗೆಯುವವಳು ನಾನೇ.