ಮಖಮಲ್ ಕಾಲು

ಶೆಫೀಲ್ಡಿನ ಎಕ್ಲ್‌ಸಾಲ್ ಕಾಡು, ಜನವರಿಯ ಭಾನುವಾರ.
ಕೆಸರಿಗೆ ಕೆನೆಗಟ್ಟಿದೆ,
ಕಾಲಿಟ್ಟರೆ ಹಪ್ಪಳ ಮುರಿದ ಸದ್ದು.
ಹನ್ನೊಂದು ಜನ ನಾವು, ಹಿಂದೊಂದು ಕುಂಟು ನಾಯಿ.
ಇದಕ್ಕೊಂದು ಕೊಡೆ ಹುಡುಕಲು ಹೊರಟಿದ್ದೇವೆ
ಎಂದು ಒಳಗೇ ನಕ್ಕೆ.
ಈ ನಗುವನ್ನು ಇಲ್ಲಿ ಯಾರಿಗೆ ಬಿಡಿಸಿ ಹೇಳಲಿ?

ಮುಂದೆ ಮಾರ್ಜರಿ ಹೋಲ್ರಾಯ್ಡ್. ಎಪ್ಪತ್ತೆಂಟು.
ಮಂಡಿಗೆ ಸ್ಪಂಜು ಕಟ್ಟಿಕೊಂಡು,
ದಂತವೈದ್ಯರ ಪುಟ್ಟ ಕನ್ನಡಿ ಹಿಡಿದು
ಟೊಪ್ಪಿಗಳ ಅಡಿ ಇಣುಕುತ್ತಾಳೆ:
"ಕೀಳಬೇಡಿ. ಬಾಯಿ ತೆರೆ ಅನ್ನಿ, ಸಾಕು."

ಟರ್ಕಿಕೋಳಿಯ ಬಾಲ, ಆರಿದ ಮೇಣದ ಬತ್ತಿ,
ಎಲ್ಡರ್ ಮರದ ತುಂಬ ಕಿವಿಯೋ ಕಿವಿ.
ಹಿಂಡಿ ನೋಡಿದೆ,
ಮಗ್ಗಿ ತಪ್ಪಿದ ಹುಡುಗಿಯ ಕಿವಿಯಷ್ಟೇ ತಣ್ಣಗೆ.
ನನ್ನ ನುಡಿಯಲ್ಲೋ, ತಿನ್ನುವಂತಿದ್ದರೆ ಅಣಬೆ,
ಇಲ್ಲದಿದ್ದರೆ ನಾಯಿಕೊಡೆ.
ಎರಡೇ ಕೋಣೆಯ ಮನೆ.

ಬಿದ್ದ ಆಶ್ ಮರದ ಬುಡದಲ್ಲಿ
ಇಬ್ಬನಿ ಗಾಜಾಗಿ ಕೂತಿರುವಾಗಲೇ
ಜೇನುಬಣ್ಣದ ಗೊಂಚಲು.
ಕಂಡದ್ದು ನಾನು! "ಇಲ್ಲಿದೆ, ಇಲ್ಲಿದೆ!"
ಕೂಗಿದ್ದು ಕನ್ನಡದಲ್ಲಿ.
ನಾಯಿ ಮೊದಲು ಬಂತು.

ಮಾರ್ಜರಿ ಕನ್ನಡಿಯೊಡ್ಡಿ ಬಹಳ ಹೊತ್ತು ಸುಮ್ಮನಿದ್ದಳು.
"ಮಖಮಲ್ ಕಾಲು ಇರಬೇಕು, ಚಳಿಗೇ ಹುಟ್ಟುವ ಜಾತಿ.
ಆದರೆ ಇದೇ ಬಣ್ಣ ಉಟ್ಟು
ಸಾವಿನ ಗಂಟೆಯೂ ಇಂಥ ಕೊರಡಲ್ಲೇ ಕೂರುತ್ತದೆ."
ಕಾಲಿಗೆ ಬಳೆ? ಇಲ್ಲ. ಉದುರಿರಬಹುದು.
ಬುಡ ಕಪ್ಪು, ಕರುವಿನ ಮೂತಿಯಂತೆ ನವಿರು? ಹೌದು. ಆದರೂ.
ಮೂವತ್ತು ವರ್ಷ ಈ ಕಾಡು ಓದಿದವಳು
"ಗೊತ್ತಿಲ್ಲ" ಅಂದಳು, ಎಷ್ಟು ಸಲೀಸಾಗಿ.
ಆ ಮಾತು ನಾನು ಆಡಿ ಎಷ್ಟು ದಿನವಾಯಿತೋ.

ಒಂದನ್ನೇ ಕೊಯ್ದು ಮೊಟ್ಟೆಯ ಡಬ್ಬಿಯಲ್ಲಿಟ್ಟು ಕೊಟ್ಟಳು:
"ಕಾಗದದ ಮೇಲಿಡು, ಅರ್ಧ ಬಿಳಿ, ಅರ್ಧ ಕಪ್ಪು.
ಮೇಲೆ ಲೋಟ ಕವುಚು.
ಕಂದು ಉದುರಿದರೆ ಕೈ ತೊಳೆದುಕೋ."

ರಾತ್ರಿ ಎರಡು ಸಲ ಎದ್ದು ನೋಡಿದೆ.
ಲೋಟದ ಒಳಗೋಡೆಗೆ ಅದರ ಉಸಿರು,
ಹಿನ್ನೆಲೆಗೆ ಫ್ರಿಜ್ಜಿನ ಗೊಣಗಾಟ.

ಬೆಳಿಗ್ಗೆ ಟೊಪ್ಪಿ ಎತ್ತಿದೆ.
ಬಿಳಿಯ ಕಡೆ ಏನೂ ಇಲ್ಲ.
ಕಪ್ಪಿನ ಕಡೆ
ಎಳೆ ಎಳೆಯಾಗಿ ಅರ್ಧ ಚಕ್ರ,
ಯಾರೋ ರಂಗೋಲಿಗೆ ಕೂತವರು
ಹಾಲು ಉಕ್ಕಿತೆಂದು ಎದ್ದು ಹೋದ ಹಾಗೆ.
ಬರೀ ಬಿಳಿ ಹಾಳೆ ಹಾಸಿದ್ದರೆ
"ಏನೂ ಉದುರಲಿಲ್ಲ" ಎಂದು ಬರೆದಿಟ್ಟು
ಕೆಲಸಕ್ಕೆ ಹೋಗಿಬಿಡುತ್ತಿದ್ದೆ.

ಮಾರ್ಜರಿಗೆ ಫೋನು ಮಾಡಿದೆ: "ಬಿಳಿ."
"ಹಾಗಾದರೆ ಅದೇ. ತಿಂದೆಯಾ?"
ಇಲ್ಲ ಅಂದೆ. ಅತ್ತಲಿಂದ ನಗು,
ನಗುವಿನ ಬೆನ್ನಿಗೆ ಕೆಮ್ಮು, ಬಹಳ ಹೊತ್ತು.

ಟೊಪ್ಪಿ ಈಗ ಸೊರಗಿ ಅಂಗಿಯ ಗುಂಡಿಯಷ್ಟಾಗಿದೆ.
ಕಾಗದ ಇನ್ನೂ ಕಟ್ಟೆಯ ಮೇಲಿದೆ,
ಮಡಚಲು ಕೈ ಬಾರದೆ
ಅದರ ಸುತ್ತಲೇ ತರಕಾರಿ ಹೆಚ್ಚುತ್ತಿದ್ದೇನೆ.