ಹನ್ನೊಂದು ಸೆಕೆಂಡು

ಕಲಬುರಗಿಯ ಮೇ ತಿಂಗಳು. ಹೊರಗೆ ನಲವತ್ತನಾಲ್ಕು,
ಇಲಿಗಳ ಕೋಣೆಯೊಳಗೆ ಇಪ್ಪತ್ತೆರಡು.
ಕರೆಂಟು ಹೋದರೆ ಜನರೇಟರು ಮೊದಲು ಇವಕ್ಕೆ,
ಆಮೇಲೆ ನಮ್ಮ ಫ್ಯಾನಿಗೆ.

ನಾನೂರ ಹದಿನೇಳನ್ನು ಬಾಲ ಹಿಡಿದೆತ್ತಿ
ತಂತಿಗೆ ತಾಗಿಸುತ್ತೇನೆ. ಮುಂಗಾಲು ಗಕ್ಕನೆ ಹಿಡಿಯುತ್ತವೆ.
ನನ್ನ ಎಡಗೈಯಲ್ಲಿ ಸ್ಟಾಪ್‌ವಾಚು.
ಬಿಳಿ ಮೈ, ಕೆಂಪು ಕಣ್ಣು, ಎಂಟು ತಿಂಗಳ ಪ್ರಾಯ.
ಮೊನ್ನೆ ಮೊನ್ನೆಯವರೆಗೆ ಏನೂ ಆಗದವರ ಹಾಗೆ
ಓಡಾಡಿಕೊಂಡಿದ್ದದ್ದು, ಈಗ ಸೊಂಟ ಜೋಲುತ್ತದೆ.
ಕೆಳಗೆ ಹತ್ತಿ ಹಾಸಿದೆ, ಬಿದ್ದದ್ದು ಕೇಳಿಸುವುದೂ ಇಲ್ಲ.
ಹನ್ನೊಂದು ಸೆಕೆಂಡು. ಬರೆದೆ.

ಸ್ನಾಯು ದಿನಾ ಹರಿಯುತ್ತದೆ, ಎಲ್ಲರದೂ,
ಮೆಟ್ಟಿಲಿಳಿದರೆ, ಕೊಡ ಎತ್ತಿದರೆ.
ಹರಿದಲ್ಲಿಗೆ ತೇಪೆ ಹಚ್ಚಲು ಒಂದು ಪ್ರೋಟೀನು ಇರುತ್ತದೆ,
ಅವ್ವ ಕೌದಿ ಹೊಲಿಯುವಾಗ ತೊಡೆಯ ಮೇಲೆ ಚಿಂದಿ ಹರವಿಕೊಂಡು
ಹೊಂದುವ ತುಂಡು ಹುಡುಕುತ್ತಾಳಲ್ಲ, ಹಾಗೆ.
ಈ ಇಲಿಗಳಿಗೆ ಅದಿಲ್ಲ.
ಅವ್ವ ಇದ್ದೂ ರೇವಪ್ಪನಿಗೂ ಇಲ್ಲ.

ನನ್ನ ತಮ್ಮ. ಚಿತ್ತಾಪುರದ ಶಾಲೆಯಲ್ಲಿ ಖೋ ಖೋ ಆಡುವಾಗ
ಅವನು ಕಂಬ ಹಿಡಿದು ತಿರುಗಿದರೆ ಮಣ್ಣು ಹಾರುತ್ತಿತ್ತು.
ಹತ್ತೊಂಬತ್ತರಲ್ಲಿ ಒಂದು ಮುಂಜಾನೆ
ಮಾಡದೊಳಗಿನ ಶೇಂಗಾ ಹಿಂಡಿ ಡಬ್ಬಿಗೆ ಕೈ ಚಾಚಿ
ತುದಿಗಾಲಲ್ಲಿ ನಿಲ್ಲಲಾಗದೆ
"ಈ ಮಾಡ ಯಾರ ಇಷ್ಟ ಎತ್ತರ ಮಾಡ್ಯಾರ?" ಅಂದ.
ನಾವೆಲ್ಲ ನಕ್ಕೆವು.

ಇಲಿಯ ತಳಿ ಕಟ್ಟುವುದು ಹೀಗೆ: ಅಣ್ಣ ತಂಗಿ, ಅಣ್ಣ ತಂಗಿ,
ಇಪ್ಪತ್ತು ತಲೆಮಾರು.
ಪಂಜರದ ಚೀಟಿಯಲ್ಲಿ ಎಲ್ಲ ಇದೆ, ಮುಚ್ಚುಮರೆ ಇಲ್ಲ.
ನಮ್ಮ ಮನೆಯದು ಬರೆಯಲು ಡಾಕ್ಟರು ಹಾಳೆ ಕೊಟ್ಟರು.
ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ,
ರಕ್ತಸಂಬಂಧಕ್ಕೆ ಜೋಡಿಗೆರೆ.
ಆಯಿ ಮುತ್ಯಾನ ನಡುವೆ ಜೋಡಿಗೆರೆ,
ಅವ್ವ ಅಪ್ಪನ ನಡುವೆ ಜೋಡಿಗೆರೆ,
ನನ್ನ ವೃತ್ತದ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು.
"ಸ್ವಾದರಮಾವ ಇರೂ ಮುಂದ ಹೊರಗ್ಯಾಕ ಕೊಡಬೇಕು,
ಹೊಲ ಎರಡಾಗ್ತಿತ್ತು," ಅಂದಳು ಅವ್ವ.
ಹೊಲ ಒಂದೇ ಉಳಿದಿದೆ. ತೊಗರಿ ಛಲೋ ಬರುತ್ತದೆ.

ರಾತ್ರಿ ಫೋನಿನಲ್ಲಿ ರೇವಪ್ಪ ಮೊದಲು ಕೇಳುವುದು,
"ನನ್ನ ಕಾಕಾನ ಮಕ್ಕಳು ಹ್ಯಾಂಗ ಅದಾವ?"
ಹನ್ನೊಂದು, ಅಂದೆ.
"ನಾ ಚೌಕಟ್ಟ ಹಿಡದು ಹದಿನಾಲ್ಕ ನಿಂತೆ ಇವತ್ತ. ಬರಕೋ."
ಬರೆದುಕೊಂಡೆ, ಹಿಂದಿನ ಪುಟದಲ್ಲಿ, ಪೆನ್ಸಿಲ್ಲಿನಲ್ಲಿ.
ಇಲಿಯಲ್ಲಿ ಗೆದ್ದ ಎಷ್ಟೋ ಔಷಧಿ ಮನುಷ್ಯನಲ್ಲಿ ಸೋತಿವೆ,
ಇದನ್ನು ಅವನಿಗೆ ಹೇಳಿಲ್ಲ.
ಹೇಳಿದ್ದೇನೆ, ಒಮ್ಮೆ. ಅವನು ಕೇಳಿಸಿಕೊಳ್ಳಲಿಲ್ಲ.

ಗುರುವಾರ ನಾನೂರ ಹದಿನೇಳರ ಸರದಿ.
ಮಂಜುಗಡ್ಡೆಯ ಡಬ್ಬಿ, ಸಣ್ಣ ಕತ್ತರಿ,
ತೊಡೆಯಿಂದ ಜೋಳದ ಕಾಳಿನಷ್ಟು.
ಇವತ್ತಿನ್ನೂ ಸೋಮವಾರ. ಅದು ನನ್ನ ಗ್ಲೌಸಿನ ಮೇಲೆ ಕೂತು
ಮುಖ ತೊಳೆದುಕೊಳ್ಳುತ್ತಿದೆ,
ಎರಡೂ ಕೈಯಿಂದ, ಕಿವಿಯ ಹಿಂದೆ ಕೂಡ.