ಒಪ್ಪೋಲೆ

ಬೋರಾಬಜಾರಿನ ಓಣಿಯಲ್ಲಿ, ಮಸಿ ಕುಡಿದ ಮಾಳಿಗೆಯ ಮೇಲೆ
ನನಗೆ ಸಿಕ್ಕ ಮೊದಲ ಕರಡು
ನಾನೂರು ವರ್ಷ ಹಳೆಯ ಒಂದು ನಾಟಕ.
ಹಗಲು ಹೋಟೆಲಿನಲ್ಲಿ ಹಿಟ್ಟು ರುಬ್ಬಿ
ರಾತ್ರಿಶಾಲೆಯಲ್ಲಿ ಕಲಿತ ಇಂಗ್ಲಿಷು.
ಕೆಂಪು ಪೆನ್ಸಿಲು ಹೊಸದು, ಮೊನೆ ಚೂಪು.

ಎಂಥ ತಪ್ಪುಗಳು ಮಾರಾಯ್ರೆ!
ವಿ ಕೂರಬೇಕಾದಲ್ಲಿ ಯು,
ಯು ಜಾಗದಲ್ಲಿ ವಿ,
ಕತ್ತುದ್ದದ ಎಸ್ಸು ಥೇಟು ಎಫ್ಫು.
ರಾಣಿ 'ಸಿಕ್' ಎಂದು ನರಳಿದರೆ
ನನ್ನ ಕಣ್ಣಿಗೆ 'ಫಿಕ್'.
ಒಂದೇ ಪುಟದಲ್ಲಿ ಒಂದೇ ಮಾತು
ಮೂರು ವೇಷ ಕಟ್ಟಿ ಬಂದಿತ್ತು,
ಚೌಕಿಯಲ್ಲಿ ಕೇಳುವವರೇ ಇಲ್ಲದ ಹಾಗೆ.

ಎರಡು ರಾತ್ರಿ ಕೂತು ಎಲ್ಲ ತಿದ್ದಿದೆ.
ಅಂಚಿನುದ್ದಕ್ಕೂ ಕೆಂಪಿರುವೆ ಸಾಲು.

ಏದಲ್ಜಿ ಸೇಠ ಕನ್ನಡಕ ಹಣೆಗೇರಿಸಿದರು.
ಬೈಯಲಿಲ್ಲ. ಚಹಾ ತರಿಸಿದರು.
"ತಪ್ಪಲ್ಲ ದೀಕ್ರಾ, ವಯಸ್ಸು.
ಈ ಪದದ ಬಾಲಕ್ಕೊಂದು ಇ ನೋಡು.
ಸಾಲು ತುಂಬಲಿಲ್ಲವೆಂದು ಮೊಳೆ ಜೋಡಿಸುವವನು
ತಾನೇ ಸಿಕ್ಕಿಸಿರಬೇಕು.
ಕವಿಯದ್ದಲ್ಲ, ರಾಜನದ್ದಲ್ಲ,
ನಮ್ಮಂಥವನೊಬ್ಬನದ್ದು.
ಅದನ್ನು ಅಳಿಸಬೇಡ."

ವಾರವಿಡೀ ರಬ್ಬರು ಹಿಡಿದು ನನ್ನ ತಿದ್ದುಪಡಿಯನ್ನೇ ತಿದ್ದಿದೆ.
ಆಗ ಕಿವಿಗೆ ಬಿತ್ತು 'ದೌ'.
ಅರೆ, ಇದು ನಮ್ಮ 'ನೀನು'!
ದೇವರಿಗೆ, ಹೆಂಡತಿಗೆ, ಆಳಿಗೆ, ನಾಯಿಗೆ.
ಅವರಲ್ಲೂ ಇತ್ತು, ದಾರಿಯಲ್ಲೆಲ್ಲೋ ಬೀಳಿಸಿಕೊಂಡರು,
ಈಗ ಅಮ್ಮನಿಗೂ ಪೋಲೀಸಿಗೂ ಒಂದೇ ಮಾತು.
ಎರಡನೆಯ ಅಂಕದ ತನಕ
ಒಡೆಯನಿಗೆ ಅವನು ನೀನು, ಅವನಿಗೆ ಒಡೆಯ ನೀವು.
ಮೂರನೆಯದರಲ್ಲಿ, ದೀಪ ಹಿಡಿದು ನಿಂತ ಆಳು
ತಲೆಯೆತ್ತಿ 'ದೌ' ಅಂದುಬಿಟ್ಟ.
ಕತ್ತಿಯಿಲ್ಲ, ಕೂಗಿಲ್ಲ.
ಗಲ್ಲೆಯ ಮೇಲಿನ ಧಣಿಗೆ ಹನ್ನೊಂದು ವರ್ಷ
'ನೀವು' ಎಂದ ನನ್ನ ನಾಲಿಗೆ
ಬಾಯೊಳಗೇ ಒಮ್ಮೆ ಮಗ್ಗುಲು ಬದಲಿಸಿತು.

ಬೈಕುಲಾದ ಖೋಲಿಗೆ ಬಂದರೆ
ಬಾಗಿಲ ಸಂದಿಯಲ್ಲಿ ಗುಲಾಬಿಯಕ್ಕನ ಕಾಗದ.
ಬೀಡಿ ಕಟ್ಟಿನ ಲೇಬಲ್ಲಿನಿಂದ ಅಕ್ಷರ ಕಲಿತವಳು.
"ಯೆಲ್ಲರೂ ಸವುಖ್ಯ. ವೊಂದು ಸಲ ಬಾ.
ವೂಟ ಸರಿಯಾಗಿ ಮಾಡು."
ಪ್ರತಿ ಸಲ ಕೆಂಪಿನಲ್ಲಿ ತಿದ್ದಿ
ವಾಪಸು ಕಳಿಸುತ್ತಿದ್ದೆ, ಕಲಿಯಲಿ ಎಂದು.
ಅವಳ ಕಾಗದ ವರ್ಷದಿಂದ ವರ್ಷಕ್ಕೆ
ಗಿಡ್ಡವಾಗುತ್ತ ಬಂದದ್ದು
ಇವತ್ತೇ ಕಂಡದ್ದು.

ಆ ಯೆ, ಆ ವೊ,
ತಾಳೆಗರಿಯಲ್ಲೂ ಹೀಗೇ ಬರೆಯುತ್ತಿದ್ದರಂತೆ,
ಮಾತಿಗೆ ಮುಂಚೆ ತುಟಿ ಮಾಡುವ ಸಣ್ಣ ಸದ್ದನ್ನೂ ಬಿಡದೆ.
ಮೞೆಯೊಳಗಿದ್ದ ೞ ಎಂದು ಹರಿದುಹೋಯಿತೋ,
ಯಾರ ಪೆನ್ಸಿಲಿಗೆ ಸಿಕ್ಕಿತೋ.

ನನ್ನದು ಕಿವಿಯ ಮೇಲೇ ಇರಲಿ.
ನೀಲಿ ಶಾಯಿಯಲ್ಲಿ ಬರೆದೆ:
"ಅಕ್ಕಾ, ವೂಟ ಆಯಿತು.
ನೀನು ವುಂಡೆಯಾ?"